ವಿಲಿಯಂ ಹಗ್ಗಿನ್ಸ್

ಸರ್ ವಿಲಿಯಂ ಹಗ್ಗಿನ್ಸ್ (7 ಫೆಬ್ರವರಿ 1824 – 12 ಮೇ 1910) ಇಂಗ್ಲೆಂಡಿನ ಖಗೋಳವಿಜ್ಞಾನಿ. ನಕ್ಷತ್ರ ಮತ್ತು ನೀಹಾರಿಕೆಗಳ ರೋಹಿತವನ್ನು ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರು.

ಜೀವನ

ಲಂಡನ್ನಿನಲ್ಲಿ ಜನಿಸಿದ ಹಗ್ಗಿನ್ಸ್, ಕುಟುಂಬದ ಬಟ್ಟೆ ವ್ಯಾಪಾರವನ್ನು ತೊರೆದು ಟಲ್ಸ್ ಹಿಲ್‌ನ ತಮ್ಮ ಮನೆಯಲ್ಲಿಯೇ ವೀಕ್ಷಣಾಲಯವನ್ನು ಸ್ಥಾಪಿಸಿದರು. 1875ರಲ್ಲಿ ಇವರನ್ನು ವಿವಾಹವಾದ ಮಾರ್ಗರೆಟ್ ಲಿಂಡ್ಸೆ, ರೋಹಿತಗಳ ಛಾಯಾಗ್ರಹಣದಲ್ಲಿ ಸಹಸಂಶೋಧಕಿಯಾದರು. ಹಗ್ಗಿನ್ಸ್ 1900ರಿಂದ 1905ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು.

ನೀಹಾರಿಕೆಗಳ ಅಧ್ಯಯನ

ನೀಹಾರಿಕೆಗಳೆಲ್ಲವೂ ದೂರದ ನಕ್ಷತ್ರಸಮೂಹಗಳೇ ಅಥವಾ ಅವುಗಳಲ್ಲಿ ಅನಿಲರಾಶಿಗಳೂ ಇವೆಯೇ ಎಂಬುದು ಆಗ ಬಗೆಹರಿಯದ ಪ್ರಶ್ನೆಯಾಗಿತ್ತು. 1864ರ ಆಗಸ್ಟ್ 29ರಂದು ಹಗ್ಗಿನ್ಸ್ ಡ್ರೇಕೋ ನಕ್ಷತ್ರಪುಂಜದ ನೀಹಾರಿಕೆಯೊಂದನ್ನು (ಎನ್‌ಜಿಸಿ 6543) ರೋಹಿತದರ್ಶಕದ ಮೂಲಕ ವೀಕ್ಷಿಸಿದರು. ನಕ್ಷತ್ರಗಳಲ್ಲಿ ಕಾಣುವ ಅಖಂಡ ವರ್ಣಪಟ್ಟಿಯ ಬದಲು ಕೆಲವೇ ಪ್ರಕಾಶಮಾನ ರೇಖೆಗಳು ಗೋಚರಿಸಿದವು. ಇದು ಹೊಳೆಯುವ ಅನಿಲದ ಲಕ್ಷಣ. ಆದರೆ ಅತ್ಯಂತ ಪ್ರಖರವಾದ ಹಸಿರು ರೇಖೆಯು ತಿಳಿದಿದ್ದ ಯಾವ ಧಾತುವಿಗೂ ಖಚಿತವಾಗಿ ಹೊಂದಲಿಲ್ಲ. ಮುಂದೆ ಅದಕ್ಕೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನು ಕಲ್ಪಿಸಲಾಯಿತು.

ಹಗ್ಗಿನ್ಸ್ ನಿಧನರಾದ 17 ವರ್ಷಗಳ ನಂತರ, 1927ರಲ್ಲಿ, ಐರಾ ಬೋವೆನ್ ಈ ರೇಖೆಯು ಎರಡು ಇಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಆಮ್ಲಜನಕದ್ದೆಂದು ತೋರಿಸಿದರು. ಅತಿ ವಿರಳ ಅನಿಲದಲ್ಲಿ ಮಾತ್ರ ಅದು ಪ್ರಖರವಾಗಿ ಹೊಮ್ಮುತ್ತದೆ.

ಇಂದು ನೀಹಾರಿಕೆಗಳ ಛಾಯಾಗ್ರಹಣದಲ್ಲಿ 500.7 ನ್ಯಾನೋಮೀಟರ್ ತರಂಗಾಂತರದ ಇದೇ ರೇಖೆಯನ್ನು ಹಾಗೂ 656.3 ನ್ಯಾನೋಮೀಟರ್‌ನ ಜಲಜನಕದ ರೇಖೆಯನ್ನು ಪ್ರತ್ಯೇಕ ಫಿಲ್ಟರ್‌ಗಳಿಂದ ಸೆರೆಹಿಡಿದು, ಒಂದೊಂದಕ್ಕೂ ಬೇರೆ ಬಣ್ಣ ನೀಡಿ, ಒಂದೇ ಚಿತ್ರವಾಗಿ ಸಂಯೋಜಿಸಲಾಗುತ್ತದೆ.