ಧೀರ ಆಟಗಾರ ಆರ್ಥರ್ ಆಶ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ಎಚ್.ಐ.ವಿ. ಸೋಂಕು ತಗುಲಿದ್ದ ನಮ್ಮೂರಿನವರೊಬ್ಬರ ಮನೆಯಲ್ಲಿ, ಕೊಟ್ಟ ನೀರನ್ನು ಕುಡಿಯದೆ ಎದ್ದು ಬಂದವನು ನಾನು. ಪಠ್ಯಪುಸ್ತಕಗಳು ಕಳೆಯದ ಆ ಅಂಜಿಕೆಯನ್ನು ಅಮೆರಿಕದ ಟೆನಿಸ್ ಆಟಗಾರ ಆರ್ಥರ್ ಆಶ್ ಅವರ ಚರಿತ್ರೆ ಕಳೆಯಿತು. ಅದನ್ನೇ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಆಶ್ ಅವರು 1943ರ ಜುಲೈ 10ರಂದು ವರ್ಜೀನಿಯ ಪ್ರಾಂತದ ರಿಚ್ಮಂಡ್ ನಗರದಲ್ಲಿ ಜನಿಸಿದರು. ತಂದೆ ಕರಿಯ ಜನರಿಗೆಂದು ಬಿಟ್ಟಿದ್ದ ಆಟದ ಬಯಲೊಂದರ ಮೇಲ್ವಿಚಾರಕರು. ಆರನೆಯ ವಯಸ್ಸಿಗೇ ಬಾಲಕನಿಗೆ ತಾಯಿಯ ವಿಯೋಗವಾಯಿತು. ವರ್ಣಭೇದದ ನಡುವೆ ಬೆಳೆದ ಆ ಹುಡುಗನೇ 1968ರಲ್ಲಿ ಅಮೆರಿಕದ ಓಪನ್ ಪಂದ್ಯವನ್ನೂ 1975ರಲ್ಲಿ ವಿಂಬಲ್ಡನ್ ಪ್ರಶಸ್ತಿಯನ್ನೂ ಗೆದ್ದನು.

1979ರಲ್ಲಿ ಹೃದಯಾಘಾತವಾಯಿತು. 1983ರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯಾದಾಗ ಕೊಟ್ಟ ರಕ್ತದ ಮೂಲಕ ವೈರಾಣು ಅವರ ದೇಹವನ್ನು ಸೇರಿತೆಂದು ನಂಬಲಾಗಿದೆ. 1988ರಲ್ಲಿ, ರ್‍ಯಾಕೆಟ್ ಹಿಡಿದು ಜಗತ್ತನ್ನು ಗೆದ್ದ ಬಲಗೈ ಸ್ವಾಧೀನ ತಪ್ಪಿದಾಗ ರೋಗ ಬಯಲಾಯಿತು. ಪತ್ನಿ, ವೈದ್ಯರು, ಕೆಲವು ಆಪ್ತರು ಆ ಗುಟ್ಟನ್ನು ಕಾಪಾಡಿದರು. ಮೂರೂವರೆ ವರ್ಷ ಅವರು ಎಲ್ಲರಂತೆ ದುಡಿದರು, ಪುಟ್ಟ ಮಗಳನ್ನು ಆಡಿಸಿದರು.

1992ರ ಏಪ್ರಿಲ್‌ನಲ್ಲಿ ಪತ್ರಿಕೆಯೊಂದು ಸುಳಿವು ಹಿಡಿದು ವಿಚಾರಿಸತೊಡಗಿತು. ಅನ್ಯರು ಸಾರುವ ಮೊದಲು ತಾವೇ ಹೇಳುವುದು ಅನಿವಾರ್ಯವಾಯಿತು. ಮಗಳ ಪ್ರಸ್ತಾಪ ಬಂದಾಗ ಕಂಠ ಬಿಗಿಯಿತು; ಆ ಭಾಗವನ್ನು ಪತ್ನಿ ಓದಿದರು.

ಅನಂತರ ಉಳಿದದ್ದು ಹತ್ತು ತಿಂಗಳು. ಅಷ್ಟರಲ್ಲೇ ಏಡ್ಸ್ ನಿವಾರಣೆಗಾಗಿ ನಿಧಿಯೊಂದನ್ನು ಸ್ಥಾಪಿಸಿದರು. ಹೈಟಿ ದೇಶದ ನಿರಾಶ್ರಿತರ ಪರವಾಗಿ ವಾಷಿಂಗ್ಟನ್ನಿನಲ್ಲಿ ಪ್ರತಿಭಟಿಸಿ ಬಂಧನಕ್ಕೊಳಗಾದರು. ಡಿಸೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದರು. ರೋಗಕ್ಕಿಂತಲೂ ವರ್ಣಭೇದದ ಹೊರೆಯೇ ತಮಗೆ ಭಾರವೆಂಬುದು ಅವರ ಅನುಭವವಾಗಿತ್ತು. 1993ರ ಫೆಬ್ರವರಿ 6ರಂದು ಕಾಲವಾದರು. ಆಗ ಮಗಳಿಗೂ ಆರೇ ವರ್ಷ.

ರೋಗವನ್ನು ಹತ್ತಿಕ್ಕುವ ಸಂಯುಕ್ತ ಔಷಧಿಗಳು ಬಳಕೆಗೆ ಬಂದದ್ದು 1996ರಲ್ಲಿ. ಇಂದು ಅವನ್ನು ನಿತ್ಯ ತಪ್ಪದೆ ಸೇವಿಸುವವರು ದೀರ್ಘಕಾಲ ಬಾಳಬಲ್ಲರು. ಒಪ್ಪಿಗೆಯಿಲ್ಲದೆ ಅವರ ಗುಟ್ಟನ್ನು ಹೊರಗೆಡಹಬಾರದೆಂದು ನಮ್ಮ ದೇಶದ 2017ರ ಕಾನೂನು ವಿಧಿಸಿದೆ. ಆದರೆ ಔಷಧಿ ಆಯುಸ್ಸನ್ನು ಕೊಟ್ಟೀತು. ಆ ಆಯುಸ್ಸು ಬಾಳಾಗುವುದು ನೆರೆಹೊರೆಯವರ ವಿಶ್ವಾಸದಿಂದ. ಜೊತೆಯಲ್ಲಿ ಕೂತು ಉಂಡರೆ, ನೀರು ಕುಡಿದರೆ ಈ ಸೋಂಕು ಅಂಟದು. ಬರುವ ರಜೆಯಲ್ಲಿ ಊರಿಗೆ ಹೋದಾಗ ಆ ಮನೆಗೆ ಹೋಗಿ, ನಾನಾಗಿಯೇ ನೀರು ಕೇಳಿ ಕುಡಿಯಬೇಕೆಂದಿದ್ದೇನೆ.