ಅಳಿಯ ರಾಮರಾಯ: ಮೈತ್ರಿಗಳ ಬಲದಿಂದ ಆಳಿದವನು

ಸೋಲಾಪುರದ ಮಾರ್ಗವಾಗಿ ಊರಿಗೆ ಹೋಗಿಬರುವ ವಾಶಿ ಪರಿಸರದ ಕನ್ನಡಿಗರಿಗೆ ಅಲ್ಲಿನ ಕೋಟೆ ಚಿರಪರಿಚಿತ. ಆ ಕೋಟೆ ಒಮ್ಮೆ ಮದುವೆಯ ಬಳುವಳಿಯಾಗಿತ್ತು. ಆ ಮದುವೆಯೇ ವಿಜಯನಗರದ ಪತನಕ್ಕೆ ಪೀಠಿಕೆಯಾಯಿತು. ಈ ಕಥೆಯ ಕೇಂದ್ರ ವ್ಯಕ್ತಿ ಅಳಿಯ ರಾಮರಾಯ.

ಅರವೀಡು ಮನೆತನದ ರಾಮರಾಯನು ಶ್ರೀಕೃಷ್ಣದೇವರಾಯನ ಮಗಳನ್ನು ವರಿಸಿ ‘ಅಳಿಯ’ನೆನಿಸಿದನು. 1542ರಲ್ಲಿ ಅಚ್ಯುತದೇವರಾಯನು ತೀರಿಕೊಂಡಾಗ, ಅವನ ಎಳೆಯ ಮಗ ವೆಂಕಟನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿ ಸಿಂಹಾಸನವೇರಿದನು. ರಾಮರಾಯನು ತಿರುಮಲನನ್ನು ಸೋಲಿಸಿ, ಅಚ್ಯುತನ ಸಹೋದರನ ಮಗ ಸದಾಶಿವರಾಯನಿಗೆ ಪಟ್ಟಗಟ್ಟಿದನು. ಕಿರೀಟ ಸದಾಶಿವನದು, ಅಧಿಕಾರ ರಾಮರಾಯನದು. ತನ್ನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರಿಗೆ ಆಯಕಟ್ಟಿನ ಹೊಣೆಗಳನ್ನು ಒಪ್ಪಿಸಿದನು.

ಹೀಗೆ ಪಡೆದ ಅಧಿಕಾರದ ರಕ್ಷಣೆಗೆ ಅವನು ನಂಬಿದ್ದು ದಖನಿನ ಸುಲ್ತಾನರ ಪರಸ್ಪರ ವೈರವನ್ನು. ಗೋಲ್ಕೊಂಡದಿಂದ ಓಡಿಬಂದ ರಾಜಕುಮಾರ ಇಬ್ರಾಹಿಂ ಕುತುಬ್ ಶಾಹನಿಗೆ ಏಳು ವರ್ಷ ಆಶ್ರಯವಿತ್ತನು. 1550ರಲ್ಲಿ ಆತ ಸುಲ್ತಾನನಾದನು. ಮೊದಲು ಅಹಮದನಗರದೊಡನೆ ಸೇರಿ ಬಿಜಾಪುರವನ್ನು ಮಣಿಸಿದನು. ಆ ಕಾಲದಲ್ಲಿ ಅಹಮದನಗರದ ಪಾಲಾದ ಕಲ್ಯಾಣವು ನಮ್ಮ ಠಾಣೆ ಜಿಲ್ಲೆಯದಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ರಾಯಚೂರು, ಮುದಗಲ್ಲುಗಳು ವಿಜಯನಗರಕ್ಕೆ ದಕ್ಕಿದವು. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. ಬಿಜಾಪುರದ ಅಲಿ ಆದಿಲ್ ಶಾಹನೇ ಮಿತ್ರನಾದನು. ಅವನೊಡಗೂಡಿ ರಾಮರಾಯನು ಅಹಮದನಗರದ ಮೇಲೆ ದಂಡೆತ್ತಿ ಹೋದನು.

ಆದರೆ ಪ್ರತಿಯೊಂದು ಮೈತ್ರಿಯೂ ಯಾರಿಗಾದರೂ ಅವಮಾನವನ್ನು ಉಳಿಸಿಯೇ ಹೋಗುತ್ತಿತ್ತು. ರಾಮರಾಯನ ಮಗ ತೀರಿಕೊಂಡಾಗ ಸಂತಾಪ ಸೂಚಿಸಲು ಅಲಿಯು ಸ್ವತಃ ವಿಜಯನಗರಕ್ಕೆ ಬಂದಿದ್ದನೆಂದೂ, ಹಿಂದಿರುಗುವಾಗ ರಾಮರಾಯನು ತಕ್ಕ ಮರ್ಯಾದೆಯಿಂದ ಬೀಳ್ಕೊಡಲಿಲ್ಲವೆಂಬ ನೋವು ಅವನಲ್ಲಿ ಉಳಿಯಿತೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಕೊನೆಗೆ ಹಗೆಗಳೇ ಬೀಗರಾದರು. ಅಹಮದನಗರದ ಹುಸೇನ್ ನಿಜಾಂ ಶಾಹನ ಮಗಳು ಚಾಂದಬೀಬಿಯು ಅಲಿಯನ್ನು ವರಿಸಿದಳು. ಬಳುವಳಿಯಾಗಿ ಸೋಲಾಪುರದ ಕೋಟೆ ಬಂದಿತು. ಗೋಲ್ಕೊಂಡ, ಬೀದರಗಳೂ ಕೈಜೋಡಿಸಿದವು. ಅಂದು ಆಶ್ರಯ ಪಡೆದಿದ್ದ ಇಬ್ರಾಹಿಮನೂ ಎದುರಾಳಿಗಳ ಪಾಳೆಯದಲ್ಲಿದ್ದನು.

1565ರ ಜನವರಿ 23ರಂದು ಕೃಷ್ಣಾತೀರದ ರಕ್ಕಸಗಿ-ತಂಗಡಗಿ ಪರಿಸರದಲ್ಲಿ ನಡೆದ ಯುದ್ಧದಲ್ಲಿ ವಯೋವೃದ್ಧ ರಾಮರಾಯನು ಸೆರೆಸಿಕ್ಕಿ ಶಿರಚ್ಛೇದಕ್ಕೊಳಗಾದನು. ತಮ್ಮ ತಿರುಮಲನು ಸದಾಶಿವನೊಡನೆ ಪೆನುಕೊಂಡೆಗೆ ಸರಿದನು. ರಕ್ಷಕರಿಲ್ಲದ ರಾಜಧಾನಿಯು ತಿಂಗಳುಗಟ್ಟಲೆ ಸೂರೆಗೊಂಡಿತು.

ಗೆದ್ದವರ ಒಕ್ಕೂಟವೂ ಬಹುಕಾಲ ಬಾಳಲಿಲ್ಲ. ಅನ್ಯರ ಒಡಕನ್ನೇ ತನ್ನ ಬಲವೆಂದು ನೆಚ್ಚಿದ ರಾಮರಾಯನು ಎರಡು ದಶಕಗಳಿಗೂ ಮಿಕ್ಕಿ ಆಳಿದನು; ಆ ಒಡಕು ಒಮ್ಮೆ ಕೂಡಿದಾಗ ಬೆಲೆ ತೆತ್ತದ್ದು ಅವನೊಬ್ಬನೇ ಅಲ್ಲ, ಇಡೀ ಒಂದು ಮಹಾನಗರ. ಹಂಪಿಯ ಹಾಳು ಗೋಡೆಗಳ ನಡುವೆ ನಡೆಯುವವರು ಇದನ್ನು ನೆನೆಯಬೇಕು.