ನೀರನ್ನು ಪಾಲಿಟ್ಟ ವಿಶ್ವೇಶ್ವರಯ್ಯನವರು

ನಂಜನಗೂಡಿನ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವದು. ಹೊಳೆಗಳೆರಡಿದ್ದರೂ, ಮಳೆ ತಪ್ಪಿದ ವರುಷ ಮೇಲಿನವನು ಕಾಲುವೆಗೆ ಅಡ್ಡಗಟ್ಟಿದರೆ ಕೊನೆಯ ಗದ್ದೆಯವನ ಪೈರು ಒಣಗುವದು. ಇಂಥ ಸಂಕಟಕ್ಕೆ ಉಪಾಯವನ್ನು ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು.

ಇವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಪಾಠ ಹೇಳಿ ಜೀವಿಸುತ್ತಾ ವಿದ್ಯೆ ಕಲಿತರು. ಬೊಂಬಾಯಿ ಸರಕಾರದ ಇಂಜಿನಿಯರರಾಗಿದ್ದಾಗ ಪುಣೆ ಸೀಮೆಯ ನೀರಾ ಕಾಲುವೆಯ ಕೆಳಗೆ ಭೂಮಿಯನ್ನು ಪಾಲುಪಾಲಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಾಗಿ ಬದಲಿಸಿ, ಅಳತೆಯಿಂದ ನೀರು ಕೊಡುವ ಕ್ರಮವನ್ನು ಏರ್ಪಡಿಸಿದರು. ಮೊದಲು ವಿರೋಧ ಎದ್ದಿತು. ಅವರು ತಾಳ್ಮೆಯಿಂದ ತಿಳಿಯಹೇಳಿದರು. 1909ರಲ್ಲಿ ಮೈಸೂರಿಗೆ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. 1962ರಲ್ಲಿ ಅವರು ತೀರಿಕೊಂಡರು.

ಅವರು ನಮ್ಮ ಸಭೆಯವರಲ್ಲ. ಆದರೂ ನಮಗೆ ಕಲಿಸಿದರು. ಮಳೆಯನ್ನು ಸುರಿಸುವವನು ದೇವರು. ಆದಕಾರಣ ನಮ್ಮ ಗದ್ದೆಗೆ ನೀರು ತಿರುಗಿಸುವಾಗ ಕೆಳಗಿನ ಗದ್ದೆಯ ನೆರೆಯವನನ್ನು ಮರೆಯದಿರೋಣ.